ದಾದಿಯ ಮೊದಲ ರೋಗಿ

ಕಾವಲಿಯ ಮೇಲೆ ಹುಯ್ದ ಮೊದಲ ದೋಸೆ ಸರಿಯಾಗಿ ಏಳುವುದಿಲ್ಲವೆಂಬುದು ಅಡಿಗೆಮನೆಯ ಅನುಭವವುಳ್ಳವರಿಗೆಲ್ಲ ಗೊತ್ತು. ಅದನ್ನು ನೆಂಟರ ಎಲೆಗೆ ಬಡಿಸುವವರಿಲ್ಲ. ಹುಯ್ದವರೇ ತಿಂದು ಮುಗಿಸುತ್ತಾರೆ. ಆದರೆ ದಾದಿಯಾಗಲು ಕಲಿಯುತ್ತಿರುವ ಹುಡುಗಿಯ ಮೊದಲ ಚುಚ್ಚುಮದ್ದು ಯಾರ ತೋಳಿಗೆ ಹೋಗಬೇಕು? ಈ ಪ್ರಶ್ನೆಗೆ ಲೋಕದ ಆಸ್ಪತ್ರೆಗಳು ಬಹುಕಾಲ ಬಾಯಿಬಿಟ್ಟು ಉತ್ತರ ಹೇಳಲಿಲ್ಲ. ಉತ್ತರ ಮಾತ್ರ ಎಲ್ಲರಿಗೂ ತಿಳಿದೇ ಇತ್ತು. ಜನರಲ್ ವಾರ್ಡಿನ ಸಾಲುಮಂಚದಲ್ಲಿ ಮಲಗಿರುವ, "ಯಾಕಮ್ಮಾ, ನೀನು ಹೊಸಬಳೇನು?" ಎಂದು ಕೇಳುವ ಧೈರ್ಯವಿಲ್ಲದ ಬಡವನ ತೋಳಿಗೆ. ಹಣ ತೆತ್ತು ಬೇರೆ ಕೋಣೆಯಲ್ಲಿ ಮಲಗಿದವನ ಬಳಿಗೆ ಪಳಗಿದ ಕೈಯೇ ಬರುತ್ತಿತ್ತು.

ಕಲಿಯುವವರ ಮೇಲೆ ಇದರ ತಪ್ಪನ್ನು ಹೊರಿಸುವಂತಿಲ್ಲ. ಎಲ್ಲಿಯಾದರೂ ಒಂದು ಕಡೆ ಕಲಿಯಲೇಬೇಕಷ್ಟೆ. ಪುಸ್ತಕ ಓದಿ ಈಜು ಕಲಿತವರುಂಟೆ? ಆದುದರಿಂದ ಜೀವವಿರುವ ರೋಗಿಯ ಬಳಿಗೆ ಹೋಗುವ ಮುನ್ನ, ತಪ್ಪು ಮಾಡಿದರೂ ಯಾರಿಗೂ ನೋವಾಗದಂಥ ಒಬ್ಬ ರೋಗಿಯನ್ನು ವಿದ್ಯಾರ್ಥಿಗೆ ಒದಗಿಸುವುದು ಹೇಗೆಂದು ತಿಳಿದವರು ಹಿಂದಿನಿಂದಲೂ ಯೋಚಿಸುತ್ತ ಬಂದಿದ್ದಾರೆ. ಇಂಥ ರೋಗಿಯನ್ನು ನಾವು ಅಣಕು ರೋಗಿ ಎಂದು ಕರೆಯೋಣ. ನರ್ಸಿಂಗ್ ಕಾಲೇಜುಗಳಲ್ಲಿ ಈ ಬಗೆಯ ಪಾಠಕ್ಕೆ ಸಿಮ್ಯುಲೇಷನ್ ಎಂದೇ ಹೆಸರು. ಭಾರತೀಯ ಶುಶ್ರೂಷಾ ಪರಿಷತ್ತು 2021ರಲ್ಲಿ ಹೊರಡಿಸಿದ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮದಲ್ಲಿ ಇದಕ್ಕೆ ಅಧಿಕೃತವಾದ ಸ್ಥಾನ ದೊರೆತಿದೆ.

ವಿಷಯ ಹೊಸದೆಂದು ತಿಳಿಯಬಾರದು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಒಂದು ಅಧ್ಯಾಯವೇ ಇದಕ್ಕೆ ಮೀಸಲಾಗಿದೆ. ಕೊಯ್ಯುವುದನ್ನು ಕುಂಬಳ, ಸೋರೆ, ಸೌತೆಗಳಂಥ ಕಾಯಿಗಳ ಮೇಲೆ ಕಲಿಯಬೇಕು. ನರ ಚುಚ್ಚುವುದನ್ನು ತಾವರೆಯ ದಂಟಿನ ಮೇಲೆ, ಸತ್ತ ಪಶುವಿನ ರಕ್ತನಾಳದ ಮೇಲೆ ಕಲಿಯಬೇಕು ಎಂದು ಅಲ್ಲಿ ವಿಧಿಸಿದೆ. ಪಟ್ಟಿ ಕಟ್ಟುವ ಅಭ್ಯಾಸಕ್ಕಂತೂ ಕೈಕಾಲುಗಳೆಲ್ಲ ಇರುವ ಒಂದು ಮನುಷ್ಯಾಕೃತಿಯ ಬೊಂಬೆಯನ್ನೇ ಮಾಡಿಕೊಳ್ಳಬೇಕೆಂದಿದೆ. ಶಾಸ್ತ್ರವನ್ನೆಲ್ಲ ಓದಿದ್ದರೂ ಹೀಗೆ ಕೈ ಪಳಗಿಸಿಕೊಳ್ಳದವನು ಕೆಲಸಕ್ಕೆ ಯೋಗ್ಯನಲ್ಲವೆಂಬುದು ಆ ಅಧ್ಯಾಯದ ಅಭಿಪ್ರಾಯ.

ಬಹಳ ಕಾಲ ಕಳೆದ ಮೇಲೆ ಫ್ರಾನ್ಸ್ ದೇಶದಲ್ಲಿ ಮದಾಂ ದು ಕೂದ್ರೆ ಎಂಬ ಸೂಲಗಿತ್ತಿ ಬಟ್ಟೆ, ತೊಗಲು, ಹತ್ತಿಗಳಿಂದ ಬಸುರಿ ಹೆಂಗಸಿನ ಕೆಳಮೈಯ ಬೊಂಬೆಯೊಂದನ್ನು ಹೊಲಿದಳು. 1759ರಲ್ಲಿ ಹದಿನೈದನೆಯ ಲೂಯಿ ದೊರೆಯಿಂದ ಅಪ್ಪಣೆಪತ್ರ ಪಡೆದು, ಆ ಬೊಂಬೆಯೊಡನೆ ಊರೂರು ಸುತ್ತಿ ಹಳ್ಳಿಯ ಹೆಂಗಸರಿಗೆ ಹೆರಿಗೆ ಮಾಡಿಸುವುದನ್ನು ಕಲಿಸಿದಳು. ದಾದಿಯರಿಗೆಂದೇ ಮಾಡಿದ ಹೆಸರಾಂತ ಬೊಂಬೆಯಾದರೋ 1911ರದು. ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯ ದಾದಿಯರ ಶಾಲೆಗಾಗಿ ಮಾರ್ಥಾ ಚೇಸ್ ಎಂಬ ಬೊಂಬೆ ತಯಾರಕಿ ಆಳೆತ್ತರದ ಬೊಂಬೆಯೊಂದನ್ನು ಮಾಡಿಕೊಟ್ಟಳು. ಮಿಸೆಸ್ ಚೇಸ್ ಎಂದು ಅದಕ್ಕೆ ಹೆಸರು ಬಿತ್ತು. ಮಗ್ಗುಲು ಬದಲಾಯಿಸುವುದು, ಮೈ ಒರೆಸುವುದು, ಹಾಸಿಗೆಯಿಂದ ಏಳಿಸದೆಯೇ ಚಾದರ ಬದಲಿಸುವುದು, ಎಲ್ಲವನ್ನೂ ಆ ಬೊಂಬೆಯ ಮೇಲೆ ಕಲಿತರು. ಆಕೆ ತುಂಬ ಒಳ್ಳೆಯ ರೋಗಿ. ಒಮ್ಮೆಯೂ ಗೊಣಗಿದವಳಲ್ಲ. ಆಕೆಯ ಕೊರತೆಯೂ ಅದೇ ಆಗಿತ್ತು. 1960ರಲ್ಲಿ ನಾರ್ವೆಯ ಆಟಿಕೆ ವ್ಯಾಪಾರಿ ಲೇರ್ಡಾಲ್ ತಯಾರಿಸಿದ ಆನ್ ಎಂಬ ಬೊಂಬೆಯ ಬಾಯಿಗೆ ಬಾಯಿಟ್ಟು ಊದಿದರೆ ಎದೆ ಏಳುತ್ತಿತ್ತು. ಉಸಿರು ನಿಂತವರನ್ನು ಬದುಕಿಸುವ ವಿದ್ಯೆಯನ್ನು ಲೋಕಕ್ಕೆಲ್ಲ ಹರಡಿದ್ದು ಈ ಬೊಂಬೆ. ಅದೂ ಮೂಕಿಯೇ.

ಇಂದಿನ ಅಣಕು ರೋಗಿ ಮೂಕನಲ್ಲ. ಅವನ ಮಣಿಕಟ್ಟಿನಲ್ಲಿ ನಾಡಿ ಮಿಡಿಯುತ್ತದೆ. ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಹೃದಯದ ಬಡಿತವೂ ಕಫದ ಗೊರಗೊರವೂ ಕೇಳಿಸುತ್ತವೆ. ಕಣ್ಣಿಗೆ ಬೆಳಕು ಹಿಡಿದರೆ ಪಾಪೆ ಕಿರಿದಾಗುತ್ತದೆ. ರಕ್ತದ ಒತ್ತಡವನ್ನು ಪಕ್ಕದ ಕೋಣೆಯಲ್ಲಿ ಕುಳಿತ ಉಪಾಧ್ಯಾಯಿನಿ ಬೇಕಾದಂತೆ ಏರಿಸಬಹುದು, ಇಳಿಸಬಹುದು. ಇವೆಲ್ಲವೂ ಹಲವು ಲಕ್ಷ ರೂಪಾಯಿಗಳ ಯಂತ್ರಕೌಶಲ. ಆದರೆ ನನ್ನನ್ನು ಹೆಚ್ಚಾಗಿ ಸೆಳೆದದ್ದು ಇವುಗಳಲ್ಲಿ ತೀರ ಅಗ್ಗವಾದ ಒಂದು ಭಾಗ. ಬೊಂಬೆಯ ತಲೆಯೊಳಗೆ ಒಂದು ಪುಟ್ಟ ಸ್ಪೀಕರ್ ಇದೆ. ಆಚೆಯ ಕೋಣೆಯಲ್ಲಿ ಗಾಜಿನ ಹಿಂದೆ ಒಂದು ಮೈಕ್ ಇದೆ. ಉಪಾಧ್ಯಾಯಿನಿ ಅಲ್ಲಿ ಕೆಮ್ಮಿದರೆ ಬೊಂಬೆ ಇಲ್ಲಿ ಕೆಮ್ಮುತ್ತದೆ.

ರೇಡಿಯೋ ನಾಟಕ ಕೇಳಿ ಬಲ್ಲವರಿಗೆ ಇದರ ಗುಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಭದ್ರಾವತಿಯ ಆಕಾಶವಾಣಿ ನಿಲಯ 1965ರಲ್ಲಿ ಆರಂಭವಾದಂದಿನಿಂದ ಈ ಎರಡು ಊರುಗಳ ಮನೆಗಳು ಎಷ್ಟೋ ನಾಟಕಗಳನ್ನು ಕೇಳಿವೆ. ತೆಂಗಿನ ಚಿಪ್ಪುಗಳೆರಡನ್ನು ಬಡಿದರೆ ಕುದುರೆ ಓಡುತ್ತದೆಂದು ಕೇಳುಗರು ನಂಬುತ್ತಾರೆ. ಆದರೆ ಮಾತಾಡುವ ದನಿ ಸುಳ್ಳಾಗಿದ್ದರೆ, ಎಷ್ಟು ಚೆನ್ನಾದ ಕುದುರೆಯನ್ನು ಓಡಿಸಿದರೂ ನಾಟಕ ನಿಲ್ಲುವುದಿಲ್ಲ. ಅಣಕು ರೋಗಿಯ ವಿಚಾರವೂ ಹಾಗೆಯೇ. ಬೊಂಬೆಯ ಚರ್ಮ ಎಷ್ಟೇ ಮೆತ್ತಗಿರಲಿ, ಅದು ಪಠ್ಯಪುಸ್ತಕದ ಭಾಷೆಯಲ್ಲಿ "ನನಗೆ ಶಿರೋವೇದನೆಯೂ ವಾಂತಿಯೂ ಇವೆ" ಎಂದರೆ ವಿದ್ಯಾರ್ಥಿಗೆ ಅದು ಬೊಂಬೆಯಾಗಿಯೇ ಉಳಿಯುತ್ತದೆ.

ನಮ್ಮ ಕಡೆಯ ಒಂದು ಪಾಠವನ್ನು ಕಲ್ಪಿಸಿಕೊಳ್ಳೋಣ. ಜನವರಿ ತಿಂಗಳು. ಮಂಚದ ಮೇಲೆ ಬೊಂಬೆಯಜ್ಜ ಮಲಗಿದ್ದಾನೆ. ಸಾಗರದ ಕಡೆಯ ಹಳ್ಳಿಯವನು, ಜ್ವರವೆಂದು ಶಿವಮೊಗ್ಗೆಗೆ ಕರೆತಂದಿದ್ದಾರೆ. ಪಕ್ಕದಲ್ಲಿ ಮೊಮ್ಮಗನಾಗಿ ಇನ್ನೊಬ್ಬ ವಿದ್ಯಾರ್ಥಿ ನಿಂತಿದ್ದಾನೆ. ಎರಡನೆಯ ವರ್ಷದ ಹುಡುಗಿಯೊಬ್ಬಳು ಒಳಗೆ ಬರುತ್ತಾಳೆ.

"ಅಜ್ಜಾ, ಜ್ವರ ಎಷ್ಟು ದಿನದಿಂದ?"

"ಮೂರು ದಿನ ಆತು ಮಗಾ. ತಲೆ ಸಿಡಿದು ಹೋಗ್ತದೆ. ಸೊಂಟ, ಕಾಲು ಎಲ್ಲಾ ನೋವು."

ಹುಡುಗಿ ಜ್ವರ ನೋಡುತ್ತಾಳೆ, ನಾಡಿ ಹಿಡಿಯುತ್ತಾಳೆ, ರಕ್ತದ ಒತ್ತಡ ಅಳೆದು ಬರೆದುಕೊಳ್ಳುತ್ತಾಳೆ. ಎಲ್ಲವೂ ಕ್ರಮಬದ್ಧವಾಗಿದೆ. ಅಷ್ಟರಲ್ಲಿ ಮೊಮ್ಮಗ, "ಸಿಸ್ಟರ್, ಅಂಗಡಿಯಿಂದ ಮೈಕೈ ನೋವಿನ ಮಾತ್ರೆ ತಂದಿದೀನಿ, ಒಂದು ಕೊಡ್ಲಾ? ಅಜ್ಜಂಗೆ ತಡಕೊಳ್ಳೋಕೆ ಆಗ್ತಿಲ್ಲ" ಎನ್ನುತ್ತಾನೆ. ಹುಡುಗಿ ಒಂದು ಕ್ಷಣ ಅನುಮಾನಿಸಿ, "ಕೊಡಿ, ಡಾಕ್ಟರು ಈಗ ಬರ್ತಾರೆ" ಎನ್ನುತ್ತಾಳೆ. ಸ್ವಲ್ಪ ಹೊತ್ತಿನಲ್ಲಿ ಅಜ್ಜನ ದನಿ ಕುಗ್ಗುತ್ತದೆ. ಒತ್ತಡದ ಮೇಲಿನ ಅಂಕಿ 110ರಿಂದ 84ಕ್ಕೆ ಇಳಿಯುತ್ತದೆ. ವಸಡಿನಲ್ಲಿ ರಕ್ತ ಕಾಣುತ್ತದೆ.

ಗಾಜಿನ ಹಿಂದೆ ಕುಳಿತವರ ಮುಂದೆ ಇರುವ ಹಾಳೆಯಲ್ಲಿ ಇನ್ನೂ ಎರಡು ಸಾಲುಗಳಿವೆ. ಅಜ್ಜ ಕೊಟ್ಟಿಗೆಗೆಂದು ಕಾಡಿನಿಂದ ಒಣ ಎಲೆ ಗುಡಿಸಿ ತಂದಿದ್ದಾನೆ. ದಾರಿಯಲ್ಲಿ ಸತ್ತು ಬಿದ್ದ ಮಂಗವೊಂದನ್ನು ಕಂಡಿದ್ದಾನೆ. ಕೇಳಿದರೆ ಮಾತ್ರ ಇದನ್ನು ಹೇಳಬೇಕು, ತಾನಾಗಿ ಹೇಳಕೂಡದು ಎಂಬುದು ಆಟದ ನಿಯಮ. ಹುಡುಗಿ ಕೇಳಲಿಲ್ಲ. ಅಜ್ಜ ಹೇಳಲಿಲ್ಲ.

ಮಂಗನ ಕಾಯಿಲೆಯ ಬಗ್ಗೆ ನಮ್ಮ ಜಿಲ್ಲೆಯವರಿಗೆ ಹೆಚ್ಚು ಹೇಳಬೇಕಾದುದಿಲ್ಲ. 1957ರಲ್ಲಿ ಮೊದಲು ಗುರುತಿಸಿದ ಈ ರೋಗಕ್ಕೆ ಲೋಕದ ವೈದ್ಯಗ್ರಂಥಗಳಲ್ಲೆಲ್ಲ ನಮ್ಮ ಕ್ಯಾಸನೂರು ಕಾಡಿನ ಹೆಸರೇ ನಿಂತಿದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತಮುತ್ತ ಅದು ಮಾಡಿದ ಹಾನಿ ಇನ್ನೂ ಮರೆತಿಲ್ಲ. ಕಾಡಿನ ಉಣ್ಣೆಯ ಕಡಿತದಿಂದ ಅಂಟುವ ಈ ಜ್ವರ ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಣಿಸಿಕೊಳ್ಳುತ್ತದೆ. ಹಿಡಿದ ನೂರು ಮಂದಿಯಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆಂದು ಲೆಕ್ಕ. ರಕ್ತಸ್ರಾವವಾಗುವ ಜ್ವರವಾದುದರಿಂದ, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಆಸ್ಪಿರಿನ್ ಮೊದಲಾದ ನೋವಿನ ಮಾತ್ರೆಗಳನ್ನು ಇದರಲ್ಲಿ ಕೊಡಬಾರದು. ಹೊರದೇಶದಿಂದ ಬೊಂಬೆಯನ್ನು ತರಿಸಬಹುದು. ಅದರ ಜೊತೆಗೆ ಬರುವ ಸಿದ್ಧಪಾಠಗಳಲ್ಲಿ ಈ ಅಜ್ಜ ಸಿಕ್ಕುವುದಿಲ್ಲ. ಅವನನ್ನು ಇಲ್ಲಿಯವರೇ ಬರೆದುಕೊಳ್ಳಬೇಕು, ಇಲ್ಲಿಯ ಮಾತಿನಲ್ಲೇ ಆಡಿಸಬೇಕು.

ಪಾಠ ಹದಿನೈದು ನಿಮಿಷಕ್ಕೆ ಮುಗಿಯಿತು. ನಿಜವಾದ ಕಲಿಕೆ ಆರಂಭವಾಗುವುದು ಈಗ. ಎಲ್ಲರೂ ಪಕ್ಕದ ಕೋಣೆಯಲ್ಲಿ ಸುತ್ತ ಕುಳಿತು, ನಡೆದುದನ್ನು ಮೊದಲಿನಿಂದ ನೆನೆಯುತ್ತಾರೆ. ಈ ಮಾತುಕತೆಗೆ ಆಟಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದುಂಟು. ಹಳೆಯ ಪದ್ಧತಿಯ ಉಪಾಧ್ಯಾಯಿನಿಯಾಗಿದ್ದರೆ, "ಅಷ್ಟೂ ಗೊತ್ತಿಲ್ಲವೇ ನಿನಗೆ? ಯಾರನ್ನು ಕೇಳಿ ಮಾತ್ರೆ ಕೊಡಿಸಿದೆ?" ಎಂದು ಗದರಿ ಮುಗಿಸುತ್ತಿದ್ದರು. ಹುಡುಗಿ ಅಳುತ್ತ ಹೋಗುತ್ತಿದ್ದಳು. ಹೊಸ ಪದ್ಧತಿಯಲ್ಲಿ ಕೇಳುವ ಪ್ರಶ್ನೆ ಬೇರೆ: "ಮೊಮ್ಮಗ ಮಾತ್ರೆ ತೋರಿಸಿದಾಗ ನಿನ್ನ ಮನಸ್ಸಿನಲ್ಲಿ ಏನಿತ್ತು?"

"ಕೊಡಬಾರದೇನೋ ಅಂತ ಅನ್ನಿಸ್ತು ಮೇಡಂ. ಆದರೆ ಅಜ್ಜ ಅಷ್ಟು ನರಳುತ್ತಿದ್ದರು. ಇಲ್ಲ ಅನ್ನೋಕೆ ಮನಸ್ಸು ಬರಲಿಲ್ಲ."

ನೋಡಿ, ತಪ್ಪಿನ ಬೇರು ಎಲ್ಲಿತ್ತು! ಲಿಖಿತ ಪರೀಕ್ಷೆಯಲ್ಲಿ ಇದೇ ಪ್ರಶ್ನೆಯನ್ನು ಕೊಟ್ಟಿದ್ದರೆ ಆಕೆ ಸರಿಯಾಗಿಯೇ ಉತ್ತರ ಬರೆಯುತ್ತಿದ್ದಳು. ಆಕೆ ಎಡವಿದ್ದು ಕರುಣೆಯಲ್ಲಿ. ನರಳುವ ದನಿಯೊಂದು ಕಿವಿಗೆ ಬಿದ್ದಾಗ ತಿಳಿದದ್ದೂ ಕೈಗೆ ಬಾರದೆ ಹೋಗುತ್ತದೆಂಬುದು ಬೊಂಬೆ ನರಳಿದ ಮೇಲಲ್ಲವೆ ಹೊರಬಿದ್ದದ್ದು? ಕರುಣೆಯನ್ನು ಬಿಡದೆ, ಮಾತ್ರೆಯನ್ನು ತಡೆದು, "ಸ್ವಲ್ಪ ತಡೀರಿ, ಈ ಜ್ವರದಲ್ಲಿ ಇದನ್ನು ಕೊಟ್ಟರೆ ರಕ್ತ ಹೋಗಬಹುದು, ನಾನು ಈಗಲೇ ಡಾಕ್ಟರಿಗೆ ಹೇಳ್ತೀನಿ" ಎಂದು ಮೊಮ್ಮಗನಿಗೆ ಒಪ್ಪುವಂತೆ ಹೇಳುವುದೂ ಒಂದು ವಿದ್ಯೆಯೇ. ಅದಕ್ಕೂ ಅಭ್ಯಾಸ ಬೇಕು. ನಡುರಾತ್ರಿ ಡಾಕ್ಟರಿಗೆ ಫೋನು ಮಾಡಿ, ಅವರ ನಿದ್ದೆಗಣ್ಣಿನ ಸಿಡುಕಿಗೆ ಹೆದರದೆ, ರೋಗಿ ಯಾರು, ಏನಾಗಿದೆ, ಎಂದಿನಿಂದ, ಈಗ ಏನು ಬೇಕು ಎಂದು ನಾಲ್ಕು ಮಾತಿನಲ್ಲಿ ಹೇಳುವುದಕ್ಕೂ ಬೇಕು.

ಇಷ್ಟೆಲ್ಲಕ್ಕೆ ಬೊಂಬೆಯೇ ಆಗಬೇಕೆಂಬ ನಿಯಮವೂ ಇಲ್ಲ. 1960ರ ದಶಕದ ಆರಂಭದಲ್ಲಿ ಲಾಸ್ ಏಂಜಲೀಸಿನ ನರರೋಗ ವೈದ್ಯ ಹೊವಾರ್ಡ್ ಬ್ಯಾರೋಸ್ ಎಂಬುವರು ಆರೋಗ್ಯವಂತಳಾದ ಹೆಂಗಸೊಬ್ಬಳಿಗೆ ರೋಗಲಕ್ಷಣಗಳನ್ನು ನಟಿಸುವುದನ್ನು ಕಲಿಸಿ ವಿದ್ಯಾರ್ಥಿಗಳ ಮುಂದೆ ಕೂರಿಸಿದರು. ಹಾಲಿವುಡ್ಡಿನ ಆಟವನ್ನು ವೈದ್ಯಶಾಲೆಗೆ ತಂದರೆಂದು ಮೊದಮೊದಲು ಗೇಲಿಯಾಯಿತು. ಈಗ ಅನೇಕ ದೇಶಗಳ ವೈದ್ಯ ಪರೀಕ್ಷೆಗಳಲ್ಲೇ ಇಂಥ ನಟರೋಗಿಗಳಿದ್ದಾರೆ. ನಮ್ಮ ಜಿಲ್ಲೆಗೆ ನಟರ ಬರವೆ? ಹೆಗ್ಗೋಡಿನಲ್ಲಿ 1949ರಿಂದ ನೀನಾಸಂ ಇದೆ. ಶಿವಮೊಗ್ಗದಲ್ಲೂ ಭದ್ರಾವತಿಯಲ್ಲೂ ಸಂಜೆ ಬಣ್ಣ ಹಚ್ಚುವ ಹವ್ಯಾಸಿಗಳು ಬೇಕಾದಷ್ಟಿದ್ದಾರೆ. ಲಕ್ಷಗಟ್ಟಲೆ ಹಣ ಸುರಿದು ಬೊಂಬೆ ಕೊಳ್ಳಲಾರದ ಕಾಲೇಜು, ವರುಷಕ್ಕೆ ನಾಲ್ಕು ಸಲ ಇವರನ್ನು ಕರೆದು ಗೌರವಧನ ಕೊಟ್ಟರೆ ಕೆಲಸದ ಒಂದು ದೊಡ್ಡ ಪಾಲು ಆಗಿಹೋಗುತ್ತದೆ. ನಟನ ತೋಳಿಗೆ ಸೂಜಿ ಚುಚ್ಚುವಂತಿಲ್ಲ, ನಿಜ. ಅದಕ್ಕೆ ರಬ್ಬರಿನ ತೋಳೊಂದು ಸಾಕು.

ಬೊಂಬೆ ಮತ್ತು ಮನುಷ್ಯ ಎರಡೂ ಸೇರಿದ ಪಾಠವೊಂದಿದೆ. ಹೆರಿಗೆಯ ಪಾಠವದು. ಉಪಾಧ್ಯಾಯಿನಿಯೇ ತನ್ನ ಹೊಟ್ಟೆಗೆ ರಬ್ಬರು ಬಟ್ಟೆಗಳ ಗರ್ಭಚೀಲವೊಂದನ್ನು ಕಟ್ಟಿಕೊಂಡು ಹೆರಿಗೆಯ ಮಂಚದ ಮೇಲೆ ಮಲಗುತ್ತಾಳೆ. ಚೀಲದೊಳಗೆ ಪುಟ್ಟ ಬೊಂಬೆಯಿದೆ, ಕೆಂಪು ನೀರಿನ ಒಂದು ಸಂಚಿಯಿದೆ. ನೋವು ತಿನ್ನುವವಳೂ ಅವಳೇ, ರಕ್ತ ಹರಿಸುವವಳೂ ಅವಳೇ. ಭದ್ರಾವತಿಯಂಥ ಊರಿನಲ್ಲಿ ಈ ಪಾಠಕ್ಕೆ ವಿಶೇಷವಾದ ಸೊಗಸುಂಟು. 1923ರಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿದಂದಿನಿಂದ ಅಲ್ಲಿಗೆ ನಾಲ್ಕು ಕಡೆಯ ಜನ ಬಂದು ನೆಲೆಸಿದ್ದಾರೆ. ತಲೆದೆಸೆಯಲ್ಲಿ ನಿಂತ ತಾಯಿ ತಮಿಳಿನಲ್ಲಿ ಗಾಬರಿಯಾಗಬಹುದು, ಅತ್ತೆ ಉರ್ದುವಿನಲ್ಲಿ ಜಗಳ ತೆಗೆಯಬಹುದು, ಬಸುರಿ ಲಂಬಾಣಿಯಲ್ಲಿ ದೇವರನ್ನು ಕರೆಯಬಹುದು. ಪಾಠದಲ್ಲಿ ಇವರೆಲ್ಲರೂ ಇರಬೇಕು.

ಮಗು ಬಂತು, ರಕ್ತ ನಿಲ್ಲಲಿಲ್ಲ. ಎಷ್ಟು ಹೋಯಿತು? ವಿದ್ಯಾರ್ಥಿನಿಯರು ಕಣ್ಣಳತೆಯಲ್ಲಿ ಹೇಳುವುದು ಬಹುಮಟ್ಟಿಗೆ ನಿಜವಾದುದಕ್ಕಿಂತ ಕಡಮೆ. ಪಳಗಿದವರೂ ಇಲ್ಲಿ ಮೋಸಹೋಗುತ್ತಾರೆ. ಆದುದರಿಂದ ನೆನೆದ ಬಟ್ಟೆಗಳನ್ನು ತಕ್ಕಡಿಗೆ ಹಾಕಿ, ಒಣಬಟ್ಟೆಯ ತೂಕವನ್ನು ಕಳೆದು ನೋಡುತ್ತಾರೆ. ಒಂದು ಗ್ರಾಂ ಎಂದರೆ ಹೆಚ್ಚುಕಡಮೆ ಒಂದು ಮಿಲಿಲೀಟರು ರಕ್ತ. ಅರ್ಧ ಲೀಟರು ದಾಟಿದರೆ ಅಪಾಯವೆಂದು ಬಹುಕಾಲದ ಲೆಕ್ಕ. ತಾನು ಮುನ್ನೂರು ಎಂದು ಬರೆದುಕೊಂಡದ್ದು ತಕ್ಕಡಿಯಲ್ಲಿ ಏಳುನೂರಾಗಿ ಕಂಡ ಹುಡುಗಿ ಆ ಅಂಕಿಯನ್ನು ಮರೆಯುವುದುಂಟೆ?

ಪುಟ್ಟ ಬೊಂಬೆಗೆ ಬೆಚ್ಚನೆಯ ನೀರು ತುಂಬಿರುತ್ತಾರೆ. ಎತ್ತಿಕೊಂಡರೆ ಹಸುಗೂಸಿನಂತೆಯೇ ತಲೆ ವಾಲುತ್ತದೆ. ಅದು ಅಳದಿದ್ದರೆ ಒರೆಸಬೇಕು, ಬೆನ್ನು ತಿಕ್ಕಬೇಕು, ಅದಕ್ಕೂ ಉಸಿರಾಡದಿದ್ದರೆ ಮುಖವಾಡವಿಟ್ಟು ಗಾಳಿಚೀಲದಿಂದ ಉಸಿರು ಕೊಡಬೇಕು. ಎಲ್ಲವೂ ಒಂದೇ ನಿಮಿಷದೊಳಗೆ. ಈ ಪಾಠ 2010ರಲ್ಲಿ 'ಹೆಲ್ಪಿಂಗ್ ಬೇಬೀಸ್ ಬ್ರೀದ್' ಎಂಬ ಹೆಸರಿನಿಂದ ಹೊರಟು ಲೋಕವನ್ನೆಲ್ಲ ಸುತ್ತಿತು. ನಮ್ಮ ರಾಜ್ಯದಲ್ಲೇ, ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಹೆರಿಗೆ ಮಾಡಿಸುವ 599 ಮಂದಿಗೆ ಇದನ್ನು ಕಲಿಸಿ, ಮೊದಲೂ ಆಮೇಲೂ ಲೆಕ್ಕವಿಟ್ಟು, 2013ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹೆರಿಗೆಗೆ ಸ್ವಲ್ಪ ಮುಂಚೆಯೋ ಹೆರಿಗೆಯಲ್ಲೋ ಸತ್ತುಹುಟ್ಟಿದವೆಂದು ಬರೆದುಕೊಂಡ ಕೂಸುಗಳು ನೂರಕ್ಕೆ 1.7 ಇದ್ದದ್ದು 0.9ಕ್ಕೆ ಇಳಿದವು. ಸತ್ತೇ ಹುಟ್ಟಿತೆಂದು ಬಟ್ಟೆಯಲ್ಲಿ ಸುತ್ತಿಡುತ್ತಿದ್ದ ಕೂಸುಗಳಲ್ಲಿ ಕೆಲವಕ್ಕೆ ಬೇಕಾಗಿದ್ದದ್ದು ಒಂದು ನಿಮಿಷದ ಗಾಳಿ ಮಾತ್ರ ಎಂದಲ್ಲವೆ ಇದರಿಂದ ಊಹಿಸಬೇಕಾದದ್ದು! ಹುಟ್ಟಿದ ತಿಂಗಳೊಳಗೆ ಸಾಯುವ ಮಕ್ಕಳ ಪ್ರಮಾಣ ಮಾತ್ರ ಇಳಿಯಲಿಲ್ಲ. ಉಳಿಸಿಕೊಂಡ ಕೂಸುಗಳು ಆಮೇಲೆ ಸತ್ತು ಆ ಲೆಕ್ಕವನ್ನು ಹೆಚ್ಚಿಸಲೂ ಇಲ್ಲವೆಂಬುದನ್ನು ಗಮನಿಸಬೇಕು. ಬೊಂಬೆಯ ಪಾಠ ಮಾಡಬಲ್ಲದ್ದೆಷ್ಟು, ಮಾಡಲಾರದ್ದೆಷ್ಟು ಎಂಬುದಕ್ಕೆ ಇದಕ್ಕಿಂತ ಪ್ರಾಮಾಣಿಕವಾದ ಲೆಕ್ಕ ನನಗೆ ತಿಳಿದಿಲ್ಲ.

ಹಾಗಾದರೆ ಆಸ್ಪತ್ರೆಯ ವಾರ್ಡೇ ಬೇಡವೆ? ಈ ಮಾತು ಕೆಲವರ ಬಾಯಲ್ಲಿ ಬರತೊಡಗಿದೆ. ಅದಕ್ಕೆ ಎಚ್ಚರ ಬೇಕು. ಅಮೆರಿಕದಲ್ಲಿ ಹತ್ತು ನರ್ಸಿಂಗ್ ಶಾಲೆಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆಸ್ಪತ್ರೆಯ ಅಭ್ಯಾಸದ ಅರ್ಧದಷ್ಟನ್ನು ಅಣಕು ರೋಗಿಗಳೊಡನೆ ಮಾಡಿಸಿದರೂ ವಿದ್ಯಾರ್ಥಿಗಳು ಹಿಂದೆ ಬೀಳಲಿಲ್ಲವೆಂದು ಕಂಡುಬಂತು. ಆದರೆ ಅಲ್ಲಿ ಕಲಿಸುವವರಿಗೆ ಮೊದಲು ತರಬೇತಿ ಕೊಟ್ಟಿದ್ದರು, ಪ್ರತಿ ಪಾಠದ ಮೇಲೂ ಕೂತು ಮಾತಾಡುವ ಕ್ರಮವಿತ್ತು. ಉಳಿದ ಅರ್ಧ ಆಸ್ಪತ್ರೆಯಲ್ಲೇ ನಡೆಯಿತೆಂಬುದನ್ನೂ ಮರೆಯಬಾರದು. ಬೊಂಬೆಯನ್ನು ಗಾಜಿನ ಬೀರುವಿನಲ್ಲಿ ಇಟ್ಟು, ತಪಾಸಣೆಗೆ ಬಂದವರಿಗೆ ತೋರಿಸಿ, ಮತ್ತೆ ಬೀಗ ಹಾಕುವ ಕಾಲೇಜಿಗೆ ಈ ಅಧ್ಯಯನ ಅನ್ವಯಿಸುವುದಿಲ್ಲ. ಸ್ವಂತ ಆಸ್ಪತ್ರೆಯಿಲ್ಲದೆ, ರೋಗಿಗಳಿಲ್ಲದೆ, ಬೊಂಬೆಯನ್ನೇ ನೆಪಮಾಡಿಕೊಂಡು ಪದವಿ ಹಂಚಹೊರಟರೆ, ಮೊದಲ ದೋಸೆಯ ಗತಿ ಮತ್ತೆ ಅದೇ ಬಡವನ ಪಾಲಿಗೆ ಬರುತ್ತದೆ. ಬೊಂಬೆಯ ಹುಣ್ಣು ನಾರುವುದಿಲ್ಲ. ಅದರ ಅಂಗೈ ತಣ್ಣಗಾಗುವುದಿಲ್ಲ, ಮುಖ ಬಿಳಿಚಿಕೊಳ್ಳುವುದಿಲ್ಲ. ಎಂಬತ್ತು ವರುಷದ ಮುದುಕಿಯನ್ನು ಮಗ್ಗುಲಿಗೆ ತಿರುಗಿಸುವಾಗ ಮೂಳೆ ಕೈಗೆ ಸಿಕ್ಕುವ ಪರಿಯನ್ನು ಮೆಗ್ಗಾನ್ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಯ ವಾರ್ಡಿನಲ್ಲೇ ಕಲಿಯಬೇಕು, ಹಿರಿಯ ಸಿಸ್ಟರೊಬ್ಬರ ಪಕ್ಕದಲ್ಲಿ ನಿಂತು. ಆ ಮಂಚದ ಬಳಿಗೆ ಹೋಗುವ ಹೊತ್ತಿಗೆ ಕೈ ಒಮ್ಮೆಯಾದರೂ ನಡುಗಿ ಮುಗಿದಿರಲಿ ಎಂಬುದಷ್ಟೇ ಬೊಂಬೆಯ ಉದ್ದೇಶ.

ಇನ್ನೊಂದು ಮಾತು. ಒಮ್ಮೆ ಕಲಿತದ್ದು ಉಳಿಯುವುದಿಲ್ಲ. ಹಸುಗೂಸಿಗೆ ಗಾಳಿ ಕೊಡುವ ಕೈಚಳಕ ಕೆಲವೇ ತಿಂಗಳಲ್ಲಿ ಸಡಿಲವಾಗುತ್ತದೆಂಬುದು ಅನೇಕ ಕಡೆಯ ಅನುಭವ. ಆದುದರಿಂದ ಕಾಲೇಜಿನಲ್ಲಿ ಒಂದು ಬೊಂಬೆಯಿದ್ದರೆ ಸಾಲದು. ಹೆರಿಗೆಯ ಕೋಣೆಯ ಮೂಲೆಯಲ್ಲೇ ಒಂದು ಇರಬೇಕು, ಪಾಳಿ ಬದಲಾಗುವಾಗ ಸಿಸ್ಟರುಗಳು ಐದು ನಿಮಿಷ ಅದರ ಮೇಲೆ ಕೈಯಾಡಿಸಬೇಕು. ಇದಕ್ಕೆ ಯಂತ್ರದ ಬೊಂಬೆ ಬೇಕಿಲ್ಲ. ನೀರು ತುಂಬುವ ಆ ಪುಟ್ಟದೇ ಆದೀತು.

ಬೊಂಬೆಯಜ್ಜನ ಪಾಠಕ್ಕೆ ಮರಳೋಣ. ಮಾತುಕತೆ ಮುಗಿದ ಮೇಲೆ ಹುಡುಗಿ, "ಮೇಡಂ, ಇನ್ನೊಂದು ಸಲ ಮಾಡ್ಲಾ?" ಎಂದು ಕೇಳುತ್ತಾಳೆ. ಬೊಂಬೆಯ ವಸಡಿನ ಬಣ್ಣವನ್ನು ಒರೆಸುತ್ತಾರೆ. ಮೊಮ್ಮಗ ಮಾತ್ರೆಯನ್ನು ಮತ್ತೆ ಜೇಬಿಗೆ ಹಾಕಿಕೊಳ್ಳುತ್ತಾನೆ. ಉಪಾಧ್ಯಾಯಿನಿ ಗಾಜಿನ ಹಿಂದೆ ಹೋಗಿ ಮೈಕಿನ ಮುಂದೆ ಒಮ್ಮೆ ಕೆಮ್ಮಿ ನೋಡುತ್ತಾರೆ. ಹುಡುಗಿ ಬಾಗಿಲು ತೆರೆದು ಒಳಗೆ ಬಂದು, ಥರ್ಮಾಮೀಟರಿಗೆ ಕೈಹಾಕುವ ಮುಂಚೆ ಮಂಚದ ಪಕ್ಕದ ಸ್ಟೂಲನ್ನು ಎಳೆದುಕೊಂಡು ಕೂರುತ್ತಾಳೆ.

"ಅಜ್ಜಾ, ಈ ವಾರ ಕಾಡಿನ ಕಡೆ ಏನಾದ್ರೂ ಹೋಗಿದ್ರಾ?"